ಸಹಾಯ ಬೇಕು: 'ಒನೀಡಿನ್ ಲೈನ್' ಮೊದಲ ಕಂತಿನಲ್ಲಿ ಹಡಗು ಯಾರ ಹೆಸರಿಗೆ ಬಂತು?

ಎಲ್ಲರಿಗೂ ನಮಸ್ಕಾರ. ಬಿಬಿಸಿಯ ಹಳೆಯ ಧಾರಾವಾಹಿ 'ದಿ ಒನೀಡಿನ್ ಲೈನ್' ನೋಡಿದವರು ಯಾರಾದರೂ ಇದ್ದೀರಾ? 1971ರಲ್ಲಿ ಶುರುವಾಗಿದ್ದು, ಕಥೆ 1860ರ ಲಿವರ್‌ಪೂಲ್‌ನದು. ಜೇಮ್ಸ್ ಒನೀಡಿನ್ ಕೈಯಲ್ಲಿ ಕಾಸಿಲ್ಲ, ಆದರೆ ಸ್ವಂತ ಹಡಗು ಬೇಕು ಅನ್ನೋ ಹಟ ಮಾತ್ರ ವಿಪರೀತ. ಮುದಿ ಕ್ಯಾಪ್ಟನ್ ವೆಬ್‌ಸ್ಟರ್ ಹತ್ತಿರ 'ಷಾರ್ಲೆಟ್ ರೋಡ್ಸ್' ಎಂಬ ಹಡಗಿದೆ, ಅದು ಸಿಗಲಿ ಅಂತಲೇ ಅವನ ಮಗಳು ಆ್ಯನ್‌ಳನ್ನು ಮದುವೆಯಾಗುತ್ತಾನೆ. ಜೇಮ್ಸ್ ಪಾತ್ರವನ್ನು ಪೀಟರ್ ಗಿಲ್ಮೋರ್ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಇಷ್ಟು ಲೆಕ್ಕಾಚಾರದ ಮನುಷ್ಯನ ಮೇಲೂ ಸಿಟ್ಟು ಬರುವುದಿಲ್ಲ.

ನಾನು ಸಿಕ್ಕಿಹಾಕಿಕೊಂಡಿರುವುದು ಆ ಹಡಗಿನ ವಿಷಯದಲ್ಲಿ. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದರೆ ಹೆಂಡತಿಯ ಚರಾಸ್ತಿ ಗಂಡನದಾಗುತ್ತಿತ್ತು, ಹೆಂಗಸರ ಆಸ್ತಿ ಹಕ್ಕಿನ ಕಾಯ್ದೆಗಳು ಬಂದಿದ್ದು ಆಮೇಲೆ, 1870 ಮತ್ತು 1882ರಲ್ಲಿ. ಇಲ್ಲಿವರೆಗೆ ಸರಿ. ಆದರೆ ಬ್ರಿಟಿಷ್ ಹಡಗು ಅಂದರೆ ಅದರ ಒಡೆತನ 64 ಪಾಲಾಗಿರುತ್ತೆ, ಪಾಲುದಾರರ ಹೆಸರು ಹಡಗು ನೋಂದಣಿಯ ರಿಜಿಸ್ಟರ್‌ನಲ್ಲಿ ಇರಲೇಬೇಕು ಅಲ್ವಾ? ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಮತ್ತೆ ನೋಡಿದೆ, ಕಥಾಸಾರಗಳನ್ನೂ ಓದಿದೆ, ಪರಿಚಯದ ವಕೀಲರನ್ನೂ ಕೇಳಿದೆ, ಅವರಿಗೆ ಗೊತ್ತಿರುವುದು ನಮ್ಮ ಇಲ್ಲಿನ ಕಾನೂನು. ಭಾನುವಾರ ಗೆಳೆಯರಿಗೆ ಈ ಕಂತು ತೋರಿಸಬೇಕು, ಸುಮ್ನೆ ಏನೋ ಒಂದು ಹೇಳಿಬಿಡಲು ಮನಸ್ಸಿಲ್ಲ.

ದಯವಿಟ್ಟು ತಿಳಿದವರು ಹೇಳಿ: ಮಾವ ಪಾಲುಗಳನ್ನು ನೇರವಾಗಿ ಅಳಿಯನ ಹೆಸರಿಗೆ ಬರೆದುಕೊಡಬೇಕಿತ್ತಾ, ಅಥವಾ ಆ್ಯನ್ ಹೆಸರಿಗೆ ಕೊಟ್ಟರೂ ಅವಳ ಸಹಿ ಇಲ್ಲದೆ ಜೇಮ್ಸ್ ಹಡಗನ್ನು ಅಡ ಇಡಬಹುದಿತ್ತಾ?