ಮಗನಿಗೆ ಜ್ಯೂರಿ ಡ್ಯೂಟಿ ಸಮನ್ಸ್ ಬಂದಿದೆ, ಅನುಭವ ಇದ್ದವರು ಹೇಳಿ

ಜಾರ್ಜಿಯಾದಿಂದ, ಕೇಳಿದವರು:

ನಮಸ್ಕಾರ. ನಾನು ಹಾಸನದವಳು. ಮದುವೆಯಾದಾಗಿನಿಂದ ಜಾರ್ಜಿಯಾದಲ್ಲೇ ಇದ್ದೇನೆ. ನಮ್ಮವರು ಬ್ಲ್ಯಾಕ್ ಅಮೆರಿಕನ್. ಮಗನಿಗೆ ಈಗ ಇಪ್ಪತ್ತು ವರ್ಷ, ಕಾಲೇಜಿನಲ್ಲಿದ್ದಾನೆ. ಮೊನ್ನೆ ಕೌಂಟಿ ಕೋರ್ಟಿನಿಂದ ಅವನ ಹೆಸರಿಗೆ ಜ್ಯೂರಿ ಡ್ಯೂಟಿಯ ಸಮನ್ಸ್ ಬಂತು. "ಹೋಗಿ ಏನಮ್ಮಾ ಪ್ರಯೋಜನ, ನನ್ನ ಮುಖ ನೋಡಿದ ತಕ್ಷಣ ತೆಗೆದುಹಾಕ್ತಾರೆ" ಅನ್ನುತ್ತಾನೆ. ಹೋದ ವರ್ಷ ಪೊಲೀಸರು ಅವನನ್ನು ರಸ್ತೆ ಬದಿ ನಿಲ್ಲಿಸಿ, ಕಾರೆಲ್ಲ ಜಾಲಾಡಿ, ಏನೂ ಸಿಗದೆ ಕಳಿಸಿದ್ದರು. ಕೋರ್ಟಿನಲ್ಲಿ ಕೇಳಿದರೆ ಅದನ್ನು ಹೇಳಬೇಕಾ? ಹೇಳಿದರೆ ತೊಂದರೆ ಆಗುತ್ತಾ? ನಮ್ಮವರಿಗೆ ಇದುವರೆಗೆ ಕರೆ ಬಂದಿಲ್ಲ, ಹಾಗಾಗಿ ಅವರಿಗೂ ಗೊತ್ತಿಲ್ಲ. ನಾನಾವತಿ ಕೇಸಿನ ಕಥೆ ಕೇಳಿದ್ದು ಬಿಟ್ಟರೆ ಜ್ಯೂರಿ ಅಂದರೆ ಏನು ಅಂತ ನನಗೂ ತಿಳಿಯದು. ಊರಿಗೆ ಫೋನ್ ಮಾಡಿ ಹೇಳಿದರೆ ನಮ್ಮಮ್ಮ "ಕೋರ್ಟಾ? ಮಗು ಏನು ಮಾಡಿದ?" ಅಂತ ಗಾಬರಿಯಾದರು.

ಅಟ್ಲಾಂಟಾ ಹತ್ತಿರದಿಂದ:

ಅಕ್ಕಾ, ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ನಾನು ಧಾರವಾಡದವಳು, ನಮ್ಮವರು ಅಲಬಾಮಾದ ಬ್ಲ್ಯಾಕ್ ಕುಟುಂಬದವರು. ಮೊದಲ ಸಲ ಕರೆ ಬಂದಾಗ ಅವರನ್ನು ತೆಗೆದುಹಾಕಿದರು. ಕೆಲವು ವರ್ಷ ಬಿಟ್ಟು ಮತ್ತೆ ಬಂದಾಗ ಕೂರಿಸಿಕೊಂಡರು. ಎರಡನ್ನೂ ಹೇಳುತ್ತೇನೆ. ಕೌಂಟಿ ಹೆಸರು ಬೇಡ. ಜ್ಯೂರಿ ಅಂದರೆ ಕೇಸ್ ಕೇಳಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ಗುಂಪು. ಕರೆದವರಿಗೆಲ್ಲ ಪ್ರಶ್ನೆ ಕೇಳಿ, ಕೆಲವರನ್ನು ತೆಗೆದು, ಉಳಿದವರನ್ನು ಕೂರಿಸುತ್ತಾರೆ.

ಬೆಳಿಗ್ಗೆ ಹೋಗಿ ಒಂದು ದೊಡ್ಡ ಹಾಲಿನಲ್ಲಿ ಕಾಯಬೇಕು. ಹೆಸರು ಕರೆದವರನ್ನು ಕೋರ್ಟ್ ಹಾಲಿಗೆ ಕರೆದುಕೊಂಡು ಹೋಗಿ ಪ್ರಮಾಣ ಮಾಡಿಸುತ್ತಾರೆ. ದೊಡ್ಡ ಕ್ರಿಮಿನಲ್ ಕೇಸಾದರೆ ಮೊದಲು ಕಾನೂನಿನಲ್ಲೇ ಬರೆದಿಟ್ಟ ಪ್ರಶ್ನೆಗಳು ಬರುತ್ತವೆ. ಆರೋಪಿಯ ಬಗ್ಗೆ ಈಗಾಗಲೇ ಏನಾದರೂ ತೀರ್ಮಾನಕ್ಕೆ ಬಂದಿದ್ದೀರಾ, ಅವನ ಪರವೋ ವಿರುದ್ಧವೋ ಮನಸ್ಸಿನಲ್ಲಿ ಏನಾದರೂ ಇದೆಯಾ, ಸರ್ಕಾರ ಮತ್ತು ಆರೋಪಿ ಇಬ್ಬರನ್ನೂ ಸಮನಾಗಿ ನೋಡುತ್ತೀರಾ, ಹೀಗೆ. ಆಮೇಲೆ ಲಾಯರ್‌ಗಳ ಸರದಿ.

ಪೊಲೀಸರಿಂದ ಯಾರಿಗಾದರೂ ಕೆಟ್ಟ ಅನುಭವ ಆಗಿದೆಯಾ ಅಂತ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ಲಾಯರ್, ಕೇಳಿದಾಗ ನಮ್ಮವರು ಕೈ ಎತ್ತಿದರು. ಅದೇ ಸಾಲಿನಲ್ಲಿದ್ದ ಒಬ್ಬ ಬಿಳಿಯ ಪ್ಲಂಬರ್ ಕೂಡ ಎತ್ತಿದ. ಅವನಿಗೆ ಒಂದೇ ಪ್ರಶ್ನೆ: "ಆದರೂ ನ್ಯಾಯವಾಗಿ ಯೋಚಿಸ್ತೀರಲ್ವಾ?" ಹೌದು ಅಂದ, ಮುಗಿಯಿತು. ನಮ್ಮವರಿಗೆ ಯಾವಾಗ, ಎಲ್ಲಿ, ದೂರು ಕೊಟ್ಟಿರಾ, ನಿಮ್ಮ ತಮ್ಮ ಏನು ಕೆಲಸ ಮಾಡ್ತಾರೆ, ಅವರ ಮೇಲೆ ಕೇಸ್ ಇತ್ತಾ, ಆ ಸಿಟ್ಟು ಇನ್ನೂ ಇದೆಯಾ ಅಂತ ಒಂದರ ಮೇಲೊಂದು. ಅವರು ಎಲ್ಲದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟರು.

ಕೊನೆಗೆ ಇಬ್ಬರು ಲಾಯರ್‌ಗಳ ಮೇಜಿನ ನಡುವೆ ಒಂದು ಹಾಳೆ ಓಡಾಡಿತಂತೆ. ಬಾಯಿ ಮಾತಿಲ್ಲ. ಒಬ್ಬರು ಒಂದು ಹೆಸರಿನ ಮೇಲೆ ಗೀಟು ಎಳೆದು ಹಾಳೆ ದಾಟಿಸುತ್ತಾರೆ, ಇನ್ನೊಬ್ಬರು ಮತ್ತೊಂದು ಹೆಸರು ಹೊಡೆದು ವಾಪಸ್ ಕೊಡುತ್ತಾರೆ. ಬೆಂಚಿನ ಮೇಲಿದ್ದವರ ಕಣ್ಣೆಲ್ಲ ಪೆನ್ನಿನ ಮೇಲೆ. ಆಮೇಲೆ ಉಳಿದವರ ಹೆಸರು ಓದಿದರು. ಪ್ಲಂಬರ್ ಇದ್ದ, ನಮ್ಮವರು ಇರಲಿಲ್ಲ. ಇಂಥದ್ದೇ ಕಾರಣ ಅಂತ ಯಾರೂ ಹೇಳುವುದಿಲ್ಲ. ಮನೆಗೆ ಬಂದು "ಪರೀಕ್ಷೆ ನನಗೊಬ್ಬನಿಗೇ ಇಟ್ಟಿದ್ದರು" ಅಂದರು.

ಮುಂದಿನ ಸಲ ಆಯ್ಕೆಯಾದರು. ಹನ್ನೆರಡು ಜನರಲ್ಲಿ ಇವರೊಬ್ಬರೇ ಬ್ಲ್ಯಾಕ್. ಆರೋಪಿಯೂ ಬ್ಲ್ಯಾಕ್ ಹುಡುಗ. ರಾತ್ರಿ ಮಾಲಿನ ಪಾರ್ಕಿಂಗ್ ಜಾಗದಲ್ಲಿ ಒಬ್ಬರನ್ನು ಹೊಡೆದು ಫೋನ್ ಕಿತ್ತುಕೊಂಡ ಅನ್ನುವುದು ಕೇಸ್. ಕೇಸ್ ಮುಗಿಯುವ ತನಕ ಮನೆಯಲ್ಲಿ ಊಟಕ್ಕೆ ಕೂತಾಗಲೂ ತುಟಿ ಬಿಚ್ಚಲಿಲ್ಲ, ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗೇ ಇರಬೇಕಂತೆ. ಮನೆಯವರಿಗೂ ಹೇಳುವಂತಿಲ್ಲ, ಗೂಗಲ್ ಮಾಡುವಂತಿಲ್ಲ, ಆ ಜಾಗ ನೋಡೋಣ ಅಂತ ಹೋಗುವಂತಿಲ್ಲ. ನಿಮ್ಮ ಮಗನಿಗೆ ಇದನ್ನು ಗಟ್ಟಿಯಾಗಿ ಹೇಳಿ. ಈಗಿನ ಹುಡುಗರ ಕೈ ಫೋನಿಗೇ ಹೋಗುತ್ತದೆ.

ತೀರ್ಪು ಬಂದ ಮೇಲೆ ಹೇಳಿದರು. ಜ್ಯೂರಿಯವರು ಚರ್ಚೆಗೆ ಅಂತ ಕೋಣೆಯ ಬಾಗಿಲು ಹಾಕಿಕೊಂಡ ತಕ್ಷಣ ಒಬ್ಬರು "ತಪ್ಪು ಮಾಡದಿದ್ದರೆ ಪೊಲೀಸರನ್ನು ಕಂಡು ಯಾಕೆ ಓಡಿದ?" ಅಂದರಂತೆ. ಸುಮಾರು ಜನ ತಲೆಯಾಡಿಸಿದರು. ಆಗ ನಮ್ಮವರು "ಆ ವಯಸ್ಸಿನಲ್ಲಿ ನಾನೂ ಓಡುತ್ತಿದ್ದೆ. ಓಡಬೇಡ, ಕೈ ಕಾಣುವ ಹಾಗೆ ಇಡು ಅಂತ ನಮ್ಮಪ್ಪ ನನಗೆ ಹೇಳಿಕೊಟ್ಟಿದ್ದೇ ಅದಕ್ಕೆ" ಅಂದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಇವರು ಎದ್ದು ಬೋರ್ಡಿನ ಮೇಲೆ ಪಾರ್ಕಿಂಗ್ ಜಾಗದ ಚಿತ್ರ ಬರೆದರು. ದೀಪದ ಕಂಬ ಇಲ್ಲಿ, ಸಾಕ್ಷಿ ಹೇಳಿದ ಹೆಂಗಸು ನಿಂತಿದ್ದು ಇಲ್ಲಿ, ನಡುವೆ ಒಂದು ವ್ಯಾನ್. ಅವರಿಗೆ ಮುಖ ಕಂಡಿದ್ದು ಹೇಗೆ? ಅಲ್ಲಿಂದ ಮಾತು ಓಡಿದ್ದರ ಮೇಲಿಂದ ಬೆಳಕಿನ ಮೇಲೆ ಹೋಯಿತು. ಸಾಕ್ಷಿಗಳ ಹೇಳಿಕೆಯನ್ನು ಒಂದೊಂದಾಗಿ ತೆಗೆದುಕೊಂಡು ಕೂತರು.

ಕೊನೆಗೆ ಹಲ್ಲೆಯ ಆರೋಪ ಸಾಬೀತಾಗಲಿಲ್ಲ. ಆದರೆ ಫೋನ್ ಅವನ ಹತ್ತಿರವೇ ಸಿಕ್ಕಿತ್ತು, ಅದು ಕದ್ದ ಮಾಲು ಅಂತ ಅವನಿಗೆ ಗೊತ್ತಿತ್ತು. ಆ ಆರೋಪಕ್ಕೆ ನಮ್ಮವರೂ ತಪ್ಪಿತಸ್ಥ ಅಂತಲೇ ಹೇಳಿದರು. ತೀರ್ಪು ಓದುವಾಗ ಆ ಹುಡುಗನ ತಾಯಿ ಇವರ ಮುಖವನ್ನೇ ನೋಡುತ್ತಿದ್ದರಂತೆ. ಬೇರೆ ಹನ್ನೊಂದು ಜನರಿಗೆ ಆ ಭಾರ ಇರಲಿಲ್ಲ ಅಲ್ವಾ. ಒಳಗಿನವರು ಇವರನ್ನು ಆ ಹುಡುಗನ ವಕೀಲರಂತೆ ನೋಡಿದರು, ಹೊರಗಿನವರು ನಮ್ಮವನೇ ಕೈಬಿಟ್ಟ ಅಂತ ನೋಡಿದರು. ಇದಕ್ಕೆ ನಿಮ್ಮ ಮಗ ತಯಾರಿರಲಿ.

ಪೊಲೀಸರು ನಿಲ್ಲಿಸಿದ ವಿಷಯ ಕೇಳಿದರೆ ಇದ್ದದ್ದನ್ನು ಎರಡು ಮಾತಿನಲ್ಲಿ ಹೇಳಲಿ. ಎಲ್ಲರೆದುರು ಬೇಡ ಅನಿಸಿದರೆ ಜಡ್ಜ್ ಹತ್ತಿರ ಹೋಗಿ ಹೇಳುತ್ತೇನೆ ಅಂತ ಕೇಳಬಹುದು. "ನ್ಯಾಯವಾಗಿ ನೋಡಬಲ್ಲಿರಾ" ಅಂದಾಗ ತಡವರಿಸಬಾರದು. "ನೋಡೋಣ, ಪ್ರಯತ್ನ ಮಾಡ್ತೀನಿ" ಅಂದರೆ ತೆಗೆಯುವುದಕ್ಕೆ ಅವರ ಕೈಗೆ ಕಾರಣ ಕೊಟ್ಟಂತೆ.

ನ್ಯೂಜೆರ್ಸಿಯಿಂದ:

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ಳಬೇಕು? "ನನಗೆ ಪೊಲೀಸರನ್ನು ಕಂಡರೆ ಆಗಲ್ಲ" ಅಂತ ಹೇಳಲಿ, ಮಧ್ಯಾಹ್ನದೊಳಗೆ ಮನೆಗೆ ಬರುತ್ತಾನೆ. ನಮ್ಮ ಗೆಳೆಯರು ಎಷ್ಟೋ ಜನ ಹೀಗೇ ತಪ್ಪಿಸಿಕೊಂಡಿದ್ದಾರೆ. ಅವರು ಕೊಡುವ ಪುಡಿಗಾಸಿಗೆ ಕೆಲಸ ಬಿಟ್ಟು ಯಾರು ಕೂರುತ್ತಾರೆ?

ಕ್ಯಾಲಿಫೋರ್ನಿಯಾದಿಂದ:

ಸರ್, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಆ ಸಲಹೆ ಬೇಡ. ಪ್ರಮಾಣ ಮಾಡಿ ಸುಳ್ಳು ಹೇಳುವುದು ಹುಡುಗಾಟ ಅಲ್ಲ. ನಿಮ್ಮ ಗೆಳೆಯರು ಎದ್ದು ಬಂದ ಕುರ್ಚಿಯಲ್ಲಿ ಯಾರು ಕೂತರು ಅನ್ನುವುದನ್ನೂ ಯೋಚಿಸಿ. ಕಾಸಿನ ಮಾತು ಮಾತ್ರ ನಿಜ. ದಿನಗೂಲಿಯವರು ಬರಲಾಗದೆ ಜ್ಯೂರಿ ಪೂರ್ತಿ ಅನುಕೂಲಸ್ಥರಿಂದ ತುಂಬುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2022ರಲ್ಲಿ ಕಡಿಮೆ ಆದಾಯದವರಿಗೆ ದಿನಕ್ಕೆ 100 ಡಾಲರ್ ಕೊಡುವ ಪ್ರಯೋಗ ಶುರು ಮಾಡಿದ್ದೇ ಅದಕ್ಕೆ.

ನಾನು ಡಿಫೆನ್ಸ್ (ಆರೋಪಿ ಪರ) ಲಾಯರ್ ಒಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಜ್ಯೂರಿಯಿಂದ ತೆಗೆಯುವುದಕ್ಕೆ ಎರಡು ದಾರಿ ಇವೆ. ಒಂದು, ಈ ವ್ಯಕ್ತಿ ಪಕ್ಷಪಾತಿ ಅಂತ ಜಡ್ಜ್‌ಗೆ ಕಾರಣ ತೋರಿಸಿ ತೆಗೆಸುವುದು. ಇನ್ನೊಂದು, ಕಾರಣವನ್ನೇ ಹೇಳದೆ ಇಷ್ಟು ಜನ ಅಂತ ಹೊಡೆದುಹಾಕುವುದು, ಇದಕ್ಕೆ ಸ್ಟ್ರೈಕ್ ಅನ್ನುತ್ತಾರೆ. ಮೇಲೆ ಹೇಳಿದ ಹಾಳೆ ಈ ಎರಡನೆಯದು. ಮುಖ ನೋಡಿ ಆಟ ಆಡುವುದು ಇಲ್ಲೇ.

ಬಣ್ಣ ನೋಡಿ ಹೀಗೆ ತೆಗೆಯಬಾರದು ಅಂತ ಸುಪ್ರೀಂ ಕೋರ್ಟ್ 1986ರಲ್ಲಿ ಬ್ಯಾಟ್ಸನ್ ಕೇಸಿನಲ್ಲಿ ಹೇಳಿತು. ಕೆಂಟಕಿಯ ಆ ಕೇಸಿನಲ್ಲಿ ಇದ್ದ ನಾಲ್ವರು ಬ್ಲ್ಯಾಕ್ ಜನರನ್ನೂ ಪ್ರಾಸಿಕ್ಯೂಟರ್ ತೆಗೆದಿದ್ದರು. ಈಗ ಎದುರು ಲಾಯರ್ ಆಕ್ಷೇಪ ಎತ್ತಿದರೆ ಬಣ್ಣಕ್ಕೆ ಸಂಬಂಧವಿಲ್ಲದ ಕಾರಣ ಕೊಡಬೇಕು. ತೊಂದರೆ ಏನೆಂದರೆ ಕಾರಣಕ್ಕೇನು ಬರ. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ, ನಿದ್ದೆಗಣ್ಣಿತ್ತು, ಯಾವುದೂ ನಡೆಯುತ್ತದೆ. ತೀರ್ಪಿಗೆ ಒಪ್ಪಿದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರೇ ಇದು ಸಾಲದು, ಈ ಸ್ಟ್ರೈಕ್‌ಗಳನ್ನೇ ಕಿತ್ತುಹಾಕಿ ಅಂದಿದ್ದರು. ಅರಿಜೋನಾ 2022ರಿಂದ ಹಾಗೇ ಮಾಡಿದೆ.

ನಿಮ್ಮ ಜಾರ್ಜಿಯಾದಲ್ಲೇ ರೋಮ್ ಅನ್ನುವ ಊರಿನಲ್ಲಿ 1987ರ ಒಂದು ವಿಚಾರಣೆಯ ಪ್ರಾಸಿಕ್ಯೂಟರ್ ಕಡತ ಆಮೇಲೆ ಹೊರಗೆ ಬಂತು. ಪಟ್ಟಿಯಲ್ಲಿ ಬ್ಲ್ಯಾಕ್ ಜನರ ಹೆಸರಿಗೆ ಹಸಿರು ಬಣ್ಣ ಬಳಿದು ಪಕ್ಕದಲ್ಲಿ 'ಬಿ' ಅಂತ ಬರೆದಿತ್ತು. ಸುಪ್ರೀಂ ಕೋರ್ಟ್ ಅದನ್ನು ತಪ್ಪು ಅಂದಿದ್ದು 2016ರಲ್ಲಿ. 2021ರಲ್ಲಿ, ಬ್ಲ್ಯಾಕ್ ಯುವಕ ಅಹ್ಮದ್ ಆರ್ಬರಿಯನ್ನು ಕೊಂದ ಮೂವರು ಬಿಳಿಯರ ವಿಚಾರಣೆಯಲ್ಲಿ, ಡಿಫೆನ್ಸ್ ಕಡೆಯವರು 12 ಬ್ಲ್ಯಾಕ್ ಜನರಲ್ಲಿ 11 ಜನರನ್ನು ತೆಗೆದರು. ಬೇಕೆಂದೇ ತಾರತಮ್ಯ ಮಾಡಿದಂತೆ ಕಾಣುತ್ತದೆ ಅಂತ ಜಡ್ಜ್ ಬಾಯಿಬಿಟ್ಟು ಹೇಳಿದರು, ಆದರೂ ಕಾನೂನಿನ ಪ್ರಕಾರ ಕೈ ಕಟ್ಟಿದೆ ಅಂತ ಬಿಟ್ಟರು. ಹನ್ನೊಂದು ಬಿಳಿಯರು, ಒಬ್ಬ ಬ್ಲ್ಯಾಕ್ ಇದ್ದ ಆ ಜ್ಯೂರಿ ಮೂವರನ್ನೂ ತಪ್ಪಿತಸ್ಥರು ಅಂತ ಹೇಳಿತು ಅನ್ನುವುದು ಬೇರೆ ಮಾತು.

ವಾಷಿಂಗ್ಟನ್ ರಾಜ್ಯ 2018ರಲ್ಲಿ ಹೊಸ ನಿಯಮ ತಂದಿತು, ಆಮೇಲೆ ನಮ್ಮ ಕ್ಯಾಲಿಫೋರ್ನಿಯಾ ಕೂಡ. ಪೊಲೀಸರ ಮೇಲೆ ನಂಬಿಕೆ ಇಲ್ಲ, ಪೊಲೀಸರು ನಿಲ್ಲಿಸಿದ್ದರು, ನೆಂಟರ ಮೇಲೆ ಕೇಸ್ ಇದೆ ಅನ್ನುವಂಥ ಕಾರಣಗಳು ಇಲ್ಲಿ ಸುಲಭಕ್ಕೆ ನಡೆಯುವುದಿಲ್ಲ. ಇಂಗ್ಲಿಷ್ ಮಾತೃಭಾಷೆ ಅಲ್ಲ ಅನ್ನುವುದೂ ಅದೇ ಪಟ್ಟಿಯಲ್ಲಿದೆ, ನಮ್ಮವರು ಗಮನಿಸಿ. ಜಾರ್ಜಿಯಾದಲ್ಲಿ ಅಂಥ ನಿಯಮ ಇಲ್ಲ. ಹಾಗಾಗಿ ನಿಮ್ಮ ಮಗನನ್ನು ತೆಗೆಯುವುದಿಲ್ಲ ಅಂತ ನಾನು ಹೇಳಲಾರೆ.

ಆದರೆ "ತೆಗೀತಾರೆ, ಹೋಗಿ ಏನು" ಅನ್ನುವುದಕ್ಕೆ ನನ್ನ ಉತ್ತರ ಇದು. ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ಅನ್ನುವ ಬ್ಲ್ಯಾಕ್ ಆರೋಪಿಯ ಮೇಲೆ ಒಂದೇ ಕೊಲೆ ಕೇಸಿಗೆ ಒಬ್ಬರೇ ಪ್ರಾಸಿಕ್ಯೂಟರ್ ಆರು ಸಲ ವಿಚಾರಣೆ ನಡೆಸಿದರು. ಆರರಲ್ಲೂ ಸೇರಿ, ತೆಗೆಯಬಹುದಾಗಿದ್ದ 42 ಬ್ಲ್ಯಾಕ್ ಜನರಲ್ಲಿ 41 ಜನರನ್ನು ತೆಗೆದಿದ್ದರು. ಆರನೇ ಸಲ, ತೆಗೆದ ಐವರಿಗೆ 145 ಪ್ರಶ್ನೆ, ಕೂರಿಸಿಕೊಂಡ 11 ಬಿಳಿಯರಿಗೆ ಒಟ್ಟು ಸೇರಿ 12 ಪ್ರಶ್ನೆ. ಸುಪ್ರೀಂ ಕೋರ್ಟ್ 2019ರಲ್ಲಿ ಈ ಲೆಕ್ಕವನ್ನೇ ಎತ್ತಿ ತೋರಿಸಿ ಶಿಕ್ಷೆ ರದ್ದು ಮಾಡಿತು. ಮರುವರ್ಷ ಕೇಸನ್ನೇ ಕೈಬಿಟ್ಟರು. ಆ 41 ಜನ ಮನೆಯಲ್ಲೇ ಉಳಿದಿದ್ದರೆ ಎಣಿಸುವುದಕ್ಕೆ ಏನಿರುತ್ತಿತ್ತು? ಗೀಟು ಬಿದ್ದ ಹೆಸರೂ ದಾಖಲೆಯಲ್ಲಿ ಉಳಿಯುತ್ತದೆ.

ಇನ್ನೊಂದು. ಫ್ಲೋರಿಡಾದ ಎರಡು ಕೌಂಟಿಗಳ ಕೇಸುಗಳ ಮೇಲೆ 2012ರಲ್ಲಿ ಒಂದು ಅಧ್ಯಯನ ಬಂತು. ಕರೆದವರ ಗುಂಪಿನಲ್ಲಿ ಒಬ್ಬ ಬ್ಲ್ಯಾಕ್ ಕೂಡ ಇಲ್ಲದಾಗ ಬ್ಲ್ಯಾಕ್ ಆರೋಪಿಗಳಲ್ಲಿ ಶೇ. 81, ಬಿಳಿಯರಲ್ಲಿ ಶೇ. 66 ಮಂದಿಗೆ ಶಿಕ್ಷೆಯಾಗಿತ್ತು. ಗುಂಪಿನಲ್ಲಿ ಒಬ್ಬರಾದರೂ ಇದ್ದಾಗ ಶೇ. 71 ಮತ್ತು 73. ಗಮನಿಸಿ, ಇದು ಕರೆದವರ ಗುಂಪಿನ ಲೆಕ್ಕ. ಅವರು ಜ್ಯೂರಿಯಲ್ಲಿ ಕೂರಲೇಬೇಕು ಅಂತಿರಲಿಲ್ಲ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನಿಗೆ ಪೂರ್ತಿ ಓದಿ ಹೇಳಿದೆ. 145 ಪ್ರಶ್ನೆ ಅಂದಾಗ ಫೋನ್ ಕೆಳಗಿಟ್ಟು ಕೇಳಿದ. ಪರೀಕ್ಷೆ ಇದೆ, ಡಿಸೆಂಬರ್ ರಜೆಗೆ ಮುಂದೂಡಿಸಿಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ಹಾಗೆ ಕೇಳಬಹುದಾ? ಬಟ್ಟೆ ಹೇಗಿರಬೇಕು?

ಅಟ್ಲಾಂಟಾ ಹತ್ತಿರದಿಂದ:

ಕೇಳಬಹುದು ಅಕ್ಕಾ. ಕಾಲೇಜು ಹುಡುಗರಿಗೆ ಸಾಮಾನ್ಯವಾಗಿ ಕೊಡುತ್ತಾರೆ. ಸಮನ್ಸ್‌ನಲ್ಲಿ ಕ್ಲರ್ಕ್ ಆಫೀಸಿನ ನಂಬರ್ ಇರುತ್ತದೆ, ಈಗಲೇ ಫೋನ್ ಮಾಡಿ ಲಿಖಿತವಾಗಿ ಏನು ಕೊಡಬೇಕು ಅಂತ ಕೇಳಿಕೊಳ್ಳಿ. ಉತ್ತರ ಕೊಡದೆ ಸುಮ್ಮನಿದ್ದರೆ ಮಾತ್ರ ದಂಡ ಬೀಳಬಹುದು. ಬಟ್ಟೆ ಇಂಟರ್‌ವ್ಯೂಗೆ ಹೋಗುವಷ್ಟು ಬೇಡ, ಕಾಲರ್ ಇರುವ ಅಂಗಿ ಸಾಕು, ಟೋಪಿ ಬೇಡ. ಫೋನ್ ಒಳಗೆ ಬಿಡುತ್ತಾರಾ ಅಂತ ಅದೇ ಕ್ಲರ್ಕ್ ಹತ್ತಿರ ಕೇಳಿ. ಬಿಡದಿದ್ದರೆ ಕಾಯುವಾಗ ಓದುವುದಕ್ಕೆ ಪುಸ್ತಕ ಬೇಕು. ಒಳಗೆ ಎಸಿ ಜೋರು, ಒಂದು ಸ್ವೆಟರ್ ಹಾಕಿ ಕಳಿಸಿ.