ಹಳೆಯ ಫೋನಿನ ಬೂಟ್‌ಲೋಡರ್ ಬಿಡಿಸಿಕೊಡಲು ಕಂಪನಿ ಒಪ್ಪದಿದ್ದರೆ ಮುಂದೇನು?

ಡೊಂಬಿವಲಿ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಭಾನುವಾರ ಬೆಳಿಗ್ಗೆ ಹನ್ನೆರಡು ಮಕ್ಕಳಿಗೆ ಕನ್ನಡ ಓದು ಬರಹ ಕಲಿಸುತ್ತೇನೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿದರೂ ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿಗಳನ್ನಷ್ಟೇ ಓದುವ ಮಕ್ಕಳು ಇವರು. ನಿಘಂಟು ನೋಡಲು, ಕಥೆ ಓದಲು, ಕನ್ನಡದಲ್ಲಿ ಟೈಪ್ ಮಾಡಿ ಅಭ್ಯಾಸ ಮಾಡಲು ಅನುಕೂಲವಾಗಲೆಂದು ನನ್ನ ಹಳೆಯ ವಿದ್ಯಾರ್ಥಿಗಳು ತಾವು ಬಳಸಿ ಎತ್ತಿಟ್ಟಿದ್ದ ನಾಲ್ಕು ಆಂಡ್ರಾಯ್ಡ್ ಫೋನುಗಳನ್ನು ಕೊಟ್ಟಿದ್ದಾರೆ. ಪರದೆಗಳು ಚೆನ್ನಾಗಿವೆ, ಬ್ಯಾಟರಿಗಳು ಇನ್ನೂ ತಾಳುತ್ತವೆ. ಆದರೆ ನಾಲ್ಕಕ್ಕೂ ಸೆಕ್ಯುರಿಟಿ ಅಪ್‌ಡೇಟ್ ನಿಂತು ಮೂರು ವರ್ಷವಾಗಿದೆ.

ಆಂಡ್ರಾಯ್ಡ್ ಆಧರಿಸಿ ಸ್ವಯಂಸೇವಕರು ಕಟ್ಟಿದ ಉಚಿತ ಸಿಸ್ಟಮ್ ಲಿನಿಯೇಜ್ ಓಎಸ್ ಹಾಕಿದರೆ ಇವು ಇನ್ನೂ ಕೆಲವು ವರ್ಷ ಕೆಲಸಕ್ಕೆ ಬರುತ್ತವೆ ಎಂದು ಓದಿ, ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರಿನ ಮೇಲೆ ಏಳು ಸಲ ಒತ್ತಿ, ಡೆವಲಪರ್ ಆಯ್ಕೆಗಳನ್ನು ತೆರೆದೆ. ಬೇರೆ ಸಿಸ್ಟಮ್ ಹಾಕುವ ಮುನ್ನ ಬೂಟ್‌ಲೋಡರ್ ಬೀಗ ಬಿಡಿಸಲು ಅನುಮತಿ ಕೊಡುವ 'ಓಇಎಂ ಅನ್‌ಲಾಕಿಂಗ್' ಎಂಬ ಸಾಲು ಎರಡರಲ್ಲಿ ತೆರೆದಿದೆ. ಉಳಿದ ಎರಡು ಒಂದೇ ಕಂಪನಿಯವು, ಅವುಗಳಲ್ಲಿ ಆ ಸಾಲು ಮಸುಕಾಗಿದ್ದು ಒತ್ತಿದರೆ ಏನೂ ಆಗುವುದಿಲ್ಲ. ಸರ್ವಿಸ್ ಸೆಂಟರಿಗೆ ಹೋಗಿ ವಿಚಾರಿಸಿದಾಗ, ಈ ಮಾದರಿಗೆ ಆ ಸೌಲಭ್ಯವಿಲ್ಲ, ಎಕ್ಸ್‌ಚೇಂಜ್‌ನಲ್ಲಿ ಕೊಟ್ಟು ಹೊಸದು ತೆಗೆದುಕೊಳ್ಳಿ ಎಂದರು. ಹಣ ಕೊಟ್ಟು ಕೊಂಡ ವಸ್ತುವಿನಲ್ಲಿ ಯಾವ ತಂತ್ರಾಂಶ ಇರಬೇಕೆಂದು ನಿರ್ಧರಿಸುವ ಅಧಿಕಾರ ಕೊಂಡವರಿಗೆ ಇಲ್ಲವೇ? ಬೀಗ ಸುರಕ್ಷತೆಗಾಗಿ ಎಂದು ಹೇಳುವ ಕಾರಣ ನಿಜವಾದದ್ದೇ? ಈ ಎರಡು ಫೋನುಗಳಿಗೆ ದಾರಿ ಏನಾದರೂ ಇದೆಯೇ?

ತಾಪಕೀರ್ ಗಲ್ಲಿ ರಿಪೇರಿ

ಮೇಷ್ಟ್ರೇ, ಪುಣೆಯ ತಾಪಕೀರ್ ಗಲ್ಲಿಯಲ್ಲಿ ಹದಿನಾಲ್ಕು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಮೊದಲು ಒಂದು ಮಾತು ಸ್ಪಷ್ಟವಾಗಿರಲಿ: ಸಿಮ್ ಲಾಕ್ ಬೇರೆ, ಬೂಟ್‌ಲೋಡರ್ ಲಾಕ್ ಬೇರೆ. ಒಂದೇ ಕಂಪನಿಯ ಸಿಮ್ ಹಾಕಬೇಕೆಂಬ ಕಟ್ಟು ನಮ್ಮಲ್ಲಿ ಅಪರೂಪ. ನಿಮಗೆ ಅಡ್ಡ ಬಂದಿರುವುದು ಎರಡನೆಯದು. ಫೋನು ಆನ್ ಆಗುವಾಗ ಯಾವ ಸಿಸ್ಟಮ್ ಏಳಬೇಕೆಂದು ತೀರ್ಮಾನಿಸುವ ಮೊದಲ ಪ್ರೋಗ್ರಾಮಿಗೆ ಹಾಕಿದ ಬೀಗ ಅದು.

ಆಯ್ಕೆ ತೆರೆದಿರುವ ಎರಡು ಫೋನುಗಳ ಕೆಲಸ ಬಹುಶಃ ಅರ್ಧ ಗಂಟೆಯದು. ಫೋನನ್ನು ಆಫ್ ಮಾಡಿ ವಾಲ್ಯೂಮ್ ಕೆಳಗಿನ ಬಟನ್ ಹಾಗೂ ಪವರ್ ಬಟನ್ ಒಟ್ಟಿಗೆ ಹಿಡಿದರೆ ಹೆಚ್ಚಿನ ಮಾದರಿಗಳಲ್ಲಿ ಫಾಸ್ಟ್‌ಬೂಟ್ ಪರದೆ, ಎಂದರೆ ಕಂಪ್ಯೂಟರಿನಿಂದ ಬೂಟ್‌ಲೋಡರಿಗೆ ಆದೇಶ ಕೊಡುವ ಪರದೆ, ಬರುತ್ತದೆ. ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ 'ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಅನ್‌ಲಾಕ್' ಎಂಬ ಕಮಾಂಡ್ ಕೊಟ್ಟಾಗ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ. ವಾಲ್ಯೂಮ್ ಬಟನ್ನಿನಿಂದ ಒಪ್ಪಿಗೆ ಆರಿಸಿ ಪವರ್ ಒತ್ತಿದ ಕ್ಷಣ ಒಳಗಿದ್ದ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಈ ಕೆಲಸ ಹೊಸದಾಗಿ ಕಲಿತಾಗ, ಬ್ಯಾಕಪ್ ಇದೆಯೇ ಎಂದು ಎರಡನೆಯ ಸಲ ಕೇಳದೆ ಹಡಪ್ಸರದ ಒಬ್ಬ ಹುಡುಗನ ಫೋನನ್ನು ಬಿಡಿಸಿಬಿಟ್ಟೆ. ಅವನ ತಂದೆ ತೀರಿಕೊಳ್ಳುವ ಮುಂಚಿನ ದೀಪಾವಳಿಯ ಫೋಟೋಗಳು ಅದರಲ್ಲಿ ಮಾತ್ರ ಇದ್ದವು. ಅಂದಿನಿಂದ ಗಿರಾಕಿಯ ಎದುರಿನಲ್ಲೇ ಬ್ಯಾಕಪ್ ತೆರೆದು ತೋರಿಸದೆ ನಾನು ಕೇಬಲ್ ಮುಟ್ಟುವುದಿಲ್ಲ.

ಮಸುಕಾಗಿರುವ ಸಾಲಿನ ಬಗ್ಗೆ ಹೇಳುವುದಾದರೆ, ಒಮ್ಮೆ ಇಂಟರ್ನೆಟ್ ಜೋಡಿಸಿ ಒಂದು ದಿನ ಬಿಟ್ಟು ನೋಡಿ. ಕೆಲವು ಮಾದರಿಗಳು ಸರ್ವರ್ ಜೊತೆ ಮಾತಾಡಿದ ಮೇಲೆಯೇ ಅದನ್ನು ತೆರೆಯುತ್ತವೆ. ಆಗಲೂ ತೆರೆಯದಿದ್ದರೆ ಕಂಪನಿಯೇ ಮುಚ್ಚಿದೆ ಎಂದು ತಿಳಿಯಿರಿ. ಈ ಮುಚ್ಚುವಿಕೆ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿರುವುದನ್ನು ನನ್ನ ಮೇಜಿನ ಮೇಲೆಯೇ ಕಂಡಿದ್ದೇನೆ. ಹುವಾವೇ 2018ರಲ್ಲಿ ಅನ್‌ಲಾಕ್ ಕೋಡ್ ಕೊಡುವುದನ್ನೇ ನಿಲ್ಲಿಸಿತು. ಶಿಯೋಮಿಯ ಹೊಸ ಸಿಸ್ಟಮ್ ಹೈಪರ್ ಓಎಸ್ ಬಂದ ಮೇಲೆ ಖಾತೆ ತೆರೆದು ಕನಿಷ್ಠ 30 ದಿನ ಆಗಿರಬೇಕು, ಕಂಪನಿಯ ಆ್ಯಪ್‌ನಲ್ಲಿ ಅರ್ಜಿ ಹಾಕಬೇಕು ಎಂಬ ಷರತ್ತುಗಳು ಬಂದವು. 2025ರಿಂದ ಒಂದು ಖಾತೆಗೆ ವರ್ಷಕ್ಕೆ ಒಂದೇ ಫೋನು. ಸ್ಯಾಮ್‌ಸಂಗ್ ಫೋನನ್ನು ಬಿಡಿಸಿ ಬೇರೆ ಸಿಸ್ಟಮ್ ಹಾಕಿದರೆ ಒಳಗಿನ ಭದ್ರತಾ ವ್ಯವಸ್ಥೆ ನಾಕ್ಸ್‌ನ ಫ್ಯೂಸ್ ಸುಟ್ಟು, ಹಳೆಯ ಸಿಸ್ಟಮ್ಮನ್ನೇ ಮರಳಿ ಹಾಕಿದರೂ ಸೆಕ್ಯೂರ್ ಫೋಲ್ಡರ್‌ನಂತಹವು ಮತ್ತೆ ನಡೆಯುವುದಿಲ್ಲ. ಆ ಕಂಪನಿಯ 2025ರ ಸಿಸ್ಟಮ್ ಒನ್ ಯುಐ 8ರಲ್ಲಂತೂ ಅನ್‌ಲಾಕ್ ಆಯ್ಕೆಯೇ ಮಾಯವಾಗಿದೆ. ಗೂಗಲ್ ಪಿಕ್ಸೆಲ್ ಮತ್ತು ಮೊಟೊರೋಲಾದ ಹಲವು ಮಾದರಿಗಳಲ್ಲಿ ಇನ್ನೂ ದಾರಿ ಇದೆ.

ಐರೋಲಿ ಕನ್ನಡತಿ

ಮೇಷ್ಟ್ರಿಗೆ ನಮಸ್ಕಾರಗಳು. ಪಾವತಿ ಆ್ಯಪ್‌ಗಳ ಸುರಕ್ಷತೆಯನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಆದ್ದರಿಂದ ಬೀಗದ ಪರವಾಗಿಯೂ ಒಂದಿಷ್ಟು ಹೇಳಬೇಕಾಗಿದೆ. ಲೋಕಲ್ ರೈಲಿನ ಬಾಗಿಲಲ್ಲಿ ನಿಂತವರ ಕೈಯಿಂದ ಫೋನು ಹಾರಿಸುವುದು ನಮ್ಮ ಊರಿನಲ್ಲಿ ಹೊಸ ಸಂಗತಿಯಲ್ಲ. ಕದ್ದವನು ಬೂಟ್‌ಲೋಡರ್ ಬಿಡಿಸಿ ತನಗೆ ಬೇಕಾದ ಸಿಸ್ಟಮ್ ಹಾಕುವಂತಿದ್ದರೆ, ಕದ್ದ ಫೋನನ್ನು ಮಾರುವುದು ಅವನಿಗೆ ಸುಲಭವಾಗುತ್ತದೆ. ಬಿಡಿಸುವಾಗ ದತ್ತಾಂಶ ಅಳಿಯುವಂತೆ ಮಾಡಿರುವುದೂ ಇದೇ ಭಯದಿಂದ. ಹೊಸ ಫೋನುಗಳಿಗೆ ಜಾಹೀರಾತು ತುಂಬಿದ ಕಳ್ಳ ಸಿಸ್ಟಮ್ ಹಾಕಿ ಮಾರಿದ ಮಧ್ಯವರ್ತಿಗಳೂ ಇದ್ದರು. ಆ ಫೋನು ಕೊಂಡವರಿಗೆ ತಮಗೆ ಮೋಸವಾದದ್ದು ಗೊತ್ತೂ ಆಗುತ್ತಿರಲಿಲ್ಲ.

ಬೀಗ ಕೆಲಸ ಮಾಡುವ ಬಗೆ ಹೀಗೆ: ಚಿಪ್ಪಿನೊಳಗೆ ತಯಾರಕರ ಸಾರ್ವಜನಿಕ ಕೀಲಿಯ (ಅವರ ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಸಂಕೇತದ) ಗುರುತನ್ನು ಅಳಿಸಲಾಗದಂತೆ ಬರೆದಿರುತ್ತಾರೆ, ಚಿಪ್ಪು ಬೂಟ್‌ಲೋಡರಿನ ಸಹಿಯನ್ನು ನೋಡುತ್ತದೆ, ಬೂಟ್‌ಲೋಡರ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿನ ಸಹಿಯನ್ನು ನೋಡುತ್ತದೆ, ಹೀಗೆ ಒಂದೊಂದು ಹಂತವೂ ಮುಂದಿನದನ್ನು ತಪಾಸಣೆ ಮಾಡಿಯೇ ಒಳಗೆ ಬಿಡುತ್ತದೆ. ಇದು ಒಳ್ಳೆಯ ವ್ಯವಸ್ಥೆ. ನನ್ನ ಆಕ್ಷೇಪಣೆ ಇರುವುದು, ಆ ಸರಪಳಿಯ ಮೊದಲ ಕೊಂಡಿಗೆ ಮಾಲೀಕರ ಕೀಲಿಯನ್ನು ಸೇರಿಸಲು ಜಾಗವನ್ನೇ ಬಿಡದಿರುವುದಕ್ಕೆ. ಪಿಕ್ಸೆಲ್ ಫೋನುಗಳಲ್ಲಿ ಆ ಜಾಗವಿದೆ. ಸುರಕ್ಷತೆಗೆ ಒತ್ತು ಕೊಡುವ ಆಂಡ್ರಾಯ್ಡ್ ಸಿಸ್ಟಮ್ ಗ್ರಾಫೀನ್ ಓಎಸ್ ಬಳಸುವವರು ಮೊದಲು ಬೀಗ ತೆಗೆದು, ಆ ಸಿಸ್ಟಮ್ಮಿನ ಕೀಲಿಯನ್ನು ಫೋನಿಗೆ ಪರಿಚಯಿಸಿ, ಮತ್ತೆ ಬೀಗ ಹಾಕುತ್ತಾರೆ. ಅಲ್ಲಿಂದ ಮುಂದೆ ಫೋನು ಆ ಕೀಲಿಯ ಸಹಿ ಇದ್ದ ಸಿಸ್ಟಮ್ಮನ್ನು ಮಾತ್ರ ಎಬ್ಬಿಸುತ್ತದೆ, ಆನ್ ಆಗುವಾಗಲೆಲ್ಲ ಬೇರೆ ಸಿಸ್ಟಮ್ ಇದೆಯೆಂದು ಹಳದಿ ಗುರುತಿನ ಸೂಚನೆಯನ್ನೂ ತೋರಿಸುತ್ತದೆ. ಕಳ್ಳನಿಗೂ ತಡೆ, ಮಾಲೀಕರಿಗೂ ಹಕ್ಕು, ಎರಡೂ ಒಂದೇ ಯಂತ್ರದಲ್ಲಿ ಸಾಧ್ಯ ಎನ್ನುವುದು ಇದರಿಂದ ಗೊತ್ತಾಗುತ್ತದೆ. ಸುರಕ್ಷತೆಗಾಗಿ ಮಾಲೀಕರನ್ನು ಹೊರಗಿಡಲೇಬೇಕು ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕಾಗಿ.

ಇನ್ನು ಮೂರು ವರ್ಷದಿಂದ ದೋಷ ತಿದ್ದುವ ಪ್ಯಾಚ್ ಕಾಣದ ಫೋನನ್ನು ಮುಚ್ಚಿಟ್ಟು ಅದನ್ನು ಸುರಕ್ಷಿತ ಎನ್ನುವುದು ವೃತ್ತಿಯಲ್ಲಿರುವ ನನಗೆ ಸಂಕಟದ ಸಂಗತಿ. ಗೊತ್ತಿರುವ ದೋಷಗಳು ಅದರಲ್ಲಿ ಹಾಗೆಯೇ ತೆರೆದಿರುತ್ತವೆ. ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ದಿನವೇ ಕಂಪನಿ ಬೀಗವನ್ನೂ ಬಿಟ್ಟುಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಎಚ್ಚರಿಕೆ: ಬಿಡಿಸಿದ ಫೋನಿನಲ್ಲಿ ಯುಪಿಐ ಮತ್ತು ಬ್ಯಾಂಕ್ ಆ್ಯಪ್‌ಗಳನ್ನು ನೆಚ್ಚಿಕೊಳ್ಳಬೇಡಿ. ಗೂಗಲ್‌ನ ಪ್ಲೇ ಇಂಟಿಗ್ರಿಟಿ ವ್ಯವಸ್ಥೆ ಬೂಟ್‌ಲೋಡರಿನ ಸ್ಥಿತಿಯನ್ನು ಆ್ಯಪ್‌ಗೆ ತಿಳಿಸುತ್ತದೆ, ಆ್ಯಪ್ ಬಾಗಿಲು ಹಾಕಿಕೊಳ್ಳುತ್ತದೆ. ಮಕ್ಕಳ ತರಗತಿಯ ಫೋನುಗಳಿಗೆ ಇದರಿಂದ ತೊಂದರೆಯಿಲ್ಲ.

ತಾಪಕೀರ್ ಗಲ್ಲಿ ರಿಪೇರಿ

ಅಕ್ಕ ಹೇಳಿದ ಕೊನೆಯ ಮಾತಿಗೆ ಒಂದು ಸೇರ್ಪಡೆ. ಇತ್ತೀಚೆಗೆ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಬಿಡಿಸುವುದಕ್ಕಲ್ಲ, ಬಿಡಿಸಿದ್ದನ್ನು ಮತ್ತೆ ಮುಚ್ಚಿಕೊಡಿ ಎಂದು ಬರುತ್ತಾರೆ. ಟೀ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಡಲು ಫೋನೇ ಬೇಕಾದ ಕಾಲದಲ್ಲಿ, ಪಾವತಿಯ ಆ್ಯಪ್ ನಿಂತರೆ ಸ್ವಾತಂತ್ರ್ಯವನ್ನು ಯಾರೂ ಹಿಡಿದುಕೊಂಡು ಕೂರಲಾರರು. ಬೀಗ ತೆಗೆಯುವ ಹಕ್ಕನ್ನು ಕಾಗದದಲ್ಲಿ ಕೊಟ್ಟು, ತೆಗೆದವರ ವ್ಯವಹಾರ ನಿಲ್ಲಿಸಿದರೆ ಆ ಹಕ್ಕಿಗೆ ಬೆಲೆಯಿಲ್ಲ. ಮಾಲೀಕರ ಕೀಲಿಯಿಂದ ಮತ್ತೆ ಬೀಗ ಹಾಕಿದ ಫೋನನ್ನು ಬ್ಯಾಂಕುಗಳು ನಂಬುವಂತಾಗಬೇಕು.

ವಾಸ್ಕೋ ವಾಸಿ

ನಮ್ಮ ಭಾಷೆಗೂ ಈ ವಿಷಯಕ್ಕೂ ಇರುವ ಸಂಬಂಧವನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತಂದೆ ಗದಗದಿಂದ ಮುರಗಾಂವ್ ಬಂದರಿನ ಕೆಲಸಕ್ಕೆ ಬಂದವರು. 2011ರಲ್ಲಿ ನಾನು ಮೊದಲ ಆಂಡ್ರಾಯ್ಡ್ ಫೋನು ಕೊಂಡು ಅವರಿಗೆ ಕನ್ನಡ ಪತ್ರಿಕೆಯ ಪುಟ ತೋರಿಸಲು ಹೋದರೆ, ಪರದೆಯ ತುಂಬ ಖಾಲಿ ಚೌಕಗಳು ಕಂಡವು. ಒಪೆರಾ ಮಿನಿಯಲ್ಲಿ ಅಕ್ಷರಗಳನ್ನು ಚಿತ್ರವಾಗಿ ತರಿಸುವ ಒಂದು ಸೆಟ್ಟಿಂಗ್ ಇತ್ತು, ಪುಟವನ್ನೇನೋ ಅದರಲ್ಲಿ ಓದಬಹುದಿತ್ತು. ಮೆಸೇಜುಗಳ ಚೌಕಗಳು ಹಾಗೆಯೇ ಉಳಿದವು. ಕೊನೆಗೆ ಫೋನನ್ನು ರೂಟ್ ಮಾಡಿ, ಎಂದರೆ ಸಿಸ್ಟಮ್ಮನ್ನೇ ತಿದ್ದುವ ಅಧಿಕಾರ ಪಡೆದು, ಸಿಸ್ಟಮ್ಮಿನ ಫಾಂಟ್ ಫೋಲ್ಡರಿಗೆ ಕನ್ನಡ ಫಾಂಟ್ ಸೇರಿಸಿದೆ. ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ನಿಂತು, 'ಅಮ್ಮ' ಎಂಬುದು 'ಅಮ್‌ಮ' ಎಂದು ಕಾಣುತ್ತಿತ್ತು. ತಂದೆಯವರು ಕನ್ನಡಕ ಸರಿಮಾಡಿಕೊಂಡು ಅದನ್ನೇ ಓದಿದರು, ಮಗನ ಫೋನಿನಲ್ಲಿ ಕನ್ನಡ ಬಂತು ಎಂದು ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು.

ಆಂಡ್ರಾಯ್ಡ್‌ನೊಳಗೆ ಕನ್ನಡ ಫಾಂಟ್ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಮೊದಲು ನನ್ನಂತಹ ಅನೇಕರು ಕಂಪನಿಯ ಅಪ್ಪಣೆಗೆ ಕಾಯದೆ ತಮ್ಮ ಫೋನಿಗೆ ತಮ್ಮ ಭಾಷೆಯನ್ನು ತಾವೇ ತಂದುಕೊಂಡಿದ್ದರು. ಇಂದಿನಂತೆ ಅಂದೇ ಎಲ್ಲ ಬೀಗಗಳೂ ಬಿದ್ದಿದ್ದರೆ ನಾವು ಸುಮ್ಮನೆ ಕಾಯಬೇಕಾಗಿತ್ತು. ನಮಗಿಂತ ಚಿಕ್ಕ ಭಾಷೆಗಳವರ ಪಾಡು ಇಂದಿಗೂ ಅದೇ. ಕೀಬೋರ್ಡಿಗೋ ಲಿಪಿಗೋ ಬೇಕಾದ ಚಿಕ್ಕ ತಿದ್ದುಪಡಿ ಕಂಪನಿಯ ಲೆಕ್ಕಕ್ಕೆ ಬರುವವರೆಗೆ ಅವರು ಕಾದಿರಬೇಕು.

ಆ್ಯಪ್ ಹಾಕಿಕೊಳ್ಳುವ ಬಾಗಿಲನ್ನೂ ಚಿಕ್ಕದು ಮಾಡುವ ಯತ್ನ ನಡೆದಿದೆ. ಗುರುತು ನೋಂದಾಯಿಸದ ಡೆವಲಪರ್‌ಗಳ ಆ್ಯಪ್‌ಗಳನ್ನು ಪ್ಲೇ ಸ್ಟೋರಿನ ಹೊರಗಿನಿಂದಲೂ ತಡೆಯುವುದಾಗಿ ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು; ವಿರೋಧ ಬಂದ ಮೇಲೆ, ನವೆಂಬರ್‌ನಲ್ಲಿ, ಅನುಭವಿ ಬಳಕೆದಾರರಿಗೆ ಬೇರೆ ದಾರಿ ಇಡುತ್ತೇವೆ ಎಂದಿತು. ದೂರು ಹೇಳಿದರೆ ಸ್ವಲ್ಪವಾದರೂ ಜಗ್ಗುತ್ತಾರೆ ಎಂಬುದಕ್ಕೆ ಇದನ್ನು ನೆನಪಿಡಬಹುದು.

ಕಾನೂನಿನ ಬಗ್ಗೆ ಕೇಳಿದ್ದೀರಿ. ಆಂಡ್ರಾಯ್ಡಿನ ಬುಡದಲ್ಲಿರುವ ಲಿನಕ್ಸ್ ಕರ್ನೆಲ್ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಎರಡನೆಯ ಆವೃತ್ತಿಯಲ್ಲಿದೆ. ಅದರಂತೆ ಕಂಪನಿ ಕರ್ನೆಲ್ಲಿನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕೊಡಲೇಬೇಕು. ತಿದ್ದಿದ ಸಂಕೇತವನ್ನು ಅದೇ ಯಂತ್ರದಲ್ಲಿ ಓಡಿಸಲು ಬೇಕಾದ ಕೀಲಿಯನ್ನೂ ಕೊಡಬೇಕೆಂಬ ಸ್ಪಷ್ಟ ಷರತ್ತು ಸೇರಿದ್ದು 2007ರ ಮೂರನೆಯ ಆವೃತ್ತಿಯಲ್ಲಿ, ಕರ್ನೆಲ್ ಅದಕ್ಕೆ ಬದಲಾಗಲಿಲ್ಲ. ಪಾಕವಿಧಾನ ಕೈಗೆ ಕೊಟ್ಟು ಅಡುಗೆಮನೆಗೆ ಬೀಗ ಹಾಕಿದ ಹಾಗಾಗಿದೆ ನಮ್ಮ ಸ್ಥಿತಿ. ಅಮೆರಿಕದಲ್ಲಿ 2010ರಲ್ಲೇ ಫೋನಿನ ಬೀಗ ಮುರಿಯುವುದಕ್ಕೆ ಕೃತಿಸ್ವಾಮ್ಯ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಅದು ಮುರಿದವರನ್ನು ರಕ್ಷಿಸುತ್ತದೆ, ಬಿಡಿಸಿಕೊಡಿ ಎಂದು ಕಂಪನಿಯನ್ನು ಒತ್ತಾಯಿಸುವುದಿಲ್ಲ. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಆರಂಭಿಸಿತು, ಮೊಬೈಲ್ ಅದರ ವ್ಯಾಪ್ತಿಯಲ್ಲಿದೆ. ಬಿಡಿಭಾಗಗಳ ಜೊತೆಗೆ ತಂತ್ರಾಂಶವೂ ರಿಪೇರಿಯ ಭಾಗವೆಂದು ಅಲ್ಲಿ ಕೇಳಬೇಕಾದವರು ನಾವೇ. ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು.

ಡೊಂಬಿವಲಿ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಆಯ್ಕೆ ತೆರೆದಿದ್ದ ಎರಡೂ ಫೋನುಗಳ ಮಾದರಿ ಲಿನಿಯೇಜ್‌ನ ಪಟ್ಟಿಯಲ್ಲಿದೆ. ಕೊಟ್ಟ ವಿದ್ಯಾರ್ಥಿಗಳನ್ನು ಕರೆಸಿ, ಅವರ ಫೋಟೋಗಳನ್ನು ಅವರ ಕಣ್ಣೆದುರಿಗೇ ಪೆನ್ ಡ್ರೈವಿಗೆ ಇಳಿಸಿಕೊಟ್ಟ ಮೇಲೆ, ನಿನ್ನೆ ಒಂದನ್ನು ಬಿಡಿಸಿ ಹೊಸ ಸಿಸ್ಟಮ್ ಹಾಕಿದೆವು. ಈ ತಿಂಗಳ ಸೆಕ್ಯುರಿಟಿ ಪ್ಯಾಚ್ ತೋರಿಸುತ್ತಿದೆ, ನಿಘಂಟು ನಡೆಯುತ್ತಿದೆ. ಮುಚ್ಚಿದ ಎರಡನ್ನು ಒಂದು ದಿನವಿಡೀ ಇಂಟರ್ನೆಟ್ಟಿಗೆ ಜೋಡಿಸಿಟ್ಟರೂ ಆ ಸಾಲು ತೆರೆಯಲಿಲ್ಲ. ಮಾದರಿ ಸಂಖ್ಯೆ, ಕೊನೆಯ ಪ್ಯಾಚಿನ ದಿನಾಂಕ, ಸರ್ವಿಸ್ ಸೆಂಟರಿನ ಉತ್ತರ ಇವನ್ನೆಲ್ಲ ಬರೆದು 1915ಕ್ಕೆ ದೂರು ಸಿದ್ಧಪಡಿಸುತ್ತಿದ್ದೇನೆ. ಅಪ್‌ಡೇಟ್ ನಿಂತ ದಿನವೇ ಬೀಗ ಬಿಡಬೇಕೆಂಬ ಐರೋಲಿಯ ತಂಗಿಯವರ ಮಾತನ್ನು, ಅವರ ಅನುಮತಿ ಇದ್ದರೆ, ಅದರಲ್ಲಿ ಸೇರಿಸುತ್ತೇನೆ.