ಪದಚರ್ಚೆ: ಸೆರಾಮಿಕ್ ಪುಡಿಯ ‘ಡಿಸ್ಪರ್ಶನ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಸೆರಾಮಿಕ್ ಪುಡಿಗಳ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ನಮ್ಮ ಬೆಳಗಾವಿಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ತಯಾರಾಗುತ್ತದೆ, ಖಾನಾಪುರದಲ್ಲಿ ಕುಂಬಾರಿಕೆಯ ತರಬೇತಿ ಸಂಸ್ಥೆಯೇ ಇದೆ. ಇಂಥ ಕಡೆ ಈ ವಿಷಯ ಕನ್ನಡದಲ್ಲಿ ಸಿಗಲೇಬೇಕು.

‘ಡಿಸ್ಪರ್ಶನ್’ ಪದದಲ್ಲಿ ಬರವಣಿಗೆ ನಿಂತಿದೆ. ‘ಪ್ರಸರಣ’ ಎಂದರೆ ಪತ್ರಿಕೆಯ ಪ್ರಸರಣ ನೆನಪಾಗುತ್ತದೆ. ‘ಚದುರುವಿಕೆ’ಯನ್ನು ಭೌತವಿಜ್ಞಾನ ಬೆಳಕಿಗೆ ಬಳಸಿಕೊಂಡಿದೆ. ‘ವಿಸರಣೆ’ (ಡಿಫ್ಯೂಷನ್) ಬೇರೆಯೇ ಕ್ರಿಯೆ.

ಡಿಸ್ಪರ್ಶನ್‌ನಲ್ಲಿ ನಡೆಯುವುದು ಇಷ್ಟು: ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ವ್ಯಾನ್ ಡರ್ ವಾಲ್ಸ್ ಸೆಳೆತದಿಂದ (ಅಣುಗಳ ನಡುವಿನ ದುರ್ಬಲ ಸೆಳೆತ) ಒಂದಕ್ಕೊಂದು ಅಂಟಿರುತ್ತವೆ. ದ್ರವ ಅವುಗಳನ್ನು ತೋಯಿಸಬೇಕು, ಬಾಲ್ ಮಿಲ್ (ಗುಂಡುಗಳಿಂದ ಅರೆಯುವ ಯಂತ್ರ) ಬಿಡಿಸಬೇಕು, ಬಿಡಿಸಿದವು ಮತ್ತೆ ಕೂಡದಂತೆ ನೋಡಿಕೊಳ್ಳಬೇಕು. ಕಷ್ಟವಿರುವುದು ಈ ಮೂರನೆಯದರಲ್ಲಿ. ಪಿಎಚ್ 9ರ ಆಸುಪಾಸಿನಲ್ಲಿ ಅಲ್ಯೂಮಿನಾ ಕಣದ ಮೇಲ್ಮೈಯಲ್ಲಿ ನಿವ್ವಳ ವಿದ್ಯುದಾವೇಶ ಉಳಿಯುವುದಿಲ್ಲ; ಕಣಗಳು ಕೂಡಿಕೊಂಡು ತಳ ಸೇರುತ್ತವೆ. ಪಿಎಚ್ 4ಕ್ಕೆ ಇಳಿಸಿದರೆ ಧನಾವೇಶ ಪಡೆದು ಒಂದನ್ನೊಂದು ದೂಡುತ್ತವೆ. ಜೇಡಿಮಣ್ಣನ್ನು ನೀರಿನಲ್ಲಿ ಕದಡಿದ ಸ್ಲಿಪ್‌ಗೆ ತುಸು ಸೋಡಿಯಂ ಸಿಲಿಕೇಟ್ ಹಾಕಿದರೆ ನೀರು ಹೆಚ್ಚಿಸದೆಯೇ ಅದು ತೆಳುವಾಗುತ್ತದೆ, ಮಿತಿ ಮೀರಿದರೆ ಮತ್ತೆ ಮಂದವಾಗುತ್ತದೆ. ಹೀಗೆ ‘ದೂರ ಉಳಿಯುವ’ ಅರ್ಥ ‘ಚದುರು’ವಿನಲ್ಲಿ ಬರುವುದಿಲ್ಲ. ಕಣಗಳು ಬಿಡಿಬಿಡಿಯಾಗಿ ಹರಡಿ ನಿಂತ ಸ್ಥಿತಿಗೆ ‘ಬಿಡಿಹರವು’ ಎಂದರೆ ಒಪ್ಪುತ್ತದೆಯೇ?

ಇದಕ್ಕೇ ಅಂಟಿದ ಇನ್ನೊಂದು ತೊಡಕು. ಕಣಗಳು ಸಡಿಲವಾಗಿ ಕೂಡಿದ್ದರೆ ಅಗ್ಲಾಮರೇಟ್; ಕಾಯಿಸುವಾಗ ಬೆಸೆದುಕೊಂಡಿದ್ದರೆ ಅಗ್ರಿಗೇಟ್. ಎರಡಕ್ಕೂ ‘ಗುಚ್ಛ’ ಎಂದು ಬರೆದರೆ ವಿದ್ಯಾರ್ಥಿ ದಾರಿ ತಪ್ಪುತ್ತಾನೆ, ಏಕೆಂದರೆ ಮೊದಲನೆಯದಕ್ಕೆ ಅಲ್ಟ್ರಾಸೌಂಡ್ ಸಾಕಾಗಬಹುದು, ಎರಡನೆಯದನ್ನು ಅರೆಯಲೇಬೇಕು. ‘ಗಂಟು’, ‘ಹೆಂಟೆ’ ಎಂಬ ಜೋಡಿ ನನಗೆ ಬಹಳ ಹಿಡಿಸಿದೆ. ಗಂಟನ್ನು ಬಿಡಿಸುತ್ತೇವೆ, ನಮ್ಮ ಕಡೆಯ ಹೊಲಗಳಲ್ಲಿ ಒಣಗಿ ಗಟ್ಟಿಯಾದ ಹೆಂಟೆಯನ್ನು ಒಡೆಯುತ್ತೇವೆ. ಕ್ರಿಯಾಪದಗಳೇ ವ್ಯತ್ಯಾಸವನ್ನು ಹೇಳಿಬಿಡುತ್ತವೆ.

‘ಸರ್ಫೇಸ್ ಮಾಡಿಫಿಕೇಶನ್’ಗೆ ‘ಮೇಲ್ಮೈ ಮಾರ್ಪಾಡು’ ಸಾಕು. ‘ಲೇಪನ’ವನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಿಲೇನ್ ಎಂಬ ಸಿಲಿಕಾನ್ ಸಂಯುಕ್ತ ಕಣದ ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳೊಂದಿಗೆ ರಾಸಾಯನಿಕ ಬಂಧವನ್ನೇ ಕಟ್ಟುತ್ತದೆ, ಬಳಿದಂತೆ ಕೂರುವುದಿಲ್ಲ.

ಉಳಿದದ್ದು ‘ಡಿಸ್ಪರ್ಸಂಟ್’, ಅಂದರೆ ಕಣಗಳು ಮತ್ತೆ ಕೂಡದಂತೆ ಬೆರೆಸುವ ವಸ್ತು. ‘ಬಿಡಿಹರವುಕಾರಕ’ ನಾಲಿಗೆಗೆ ಭಾರ. ‘ಗಂಟುತಡೆ’ ಎನ್ನಬಹುದೇ, ಅಥವಾ ಕುಂಬಾರರ ಬಾಯಲ್ಲಿ ಇದಕ್ಕೆ ಈಗಾಗಲೇ ಬೇರೆ ಪದವಿದೆಯೇ? ಬಲ್ಲವರು ದಯವಿಟ್ಟು ತಿಳಿಸಿ.